ಬೋರ್ಡಿಲ್ಲದ ಡಾಕ್ಟರ್

ಬ್ಲಾಗಿನ ಕಡೆ ತಲೆ ಹಾಕಿ ನಾಲ್ಕು ತಿಂಗಳ ಮೇಲಾಯಿತು. ನೆಪಗಳು ಎಂದಿನವೇ. ರಿಲೀಸು, ರಾತ್ರಿ ಕಾಲುಗಳು, ಸೋಮಾರಿತನ. ಮೂರನೆಯದೇ ಜಾಸ್ತಿ ಅನ್ನಿ :-) ಈ ಸಲ ಊರಿಗೆ ಹೋಗಿ ಬಂದಾಗಿನಿಂದ ಒಂದು ವಿಷಯ ತಲೆಯಲ್ಲಿ ಕೊರೀತಾ ಇದೆ. ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಚಹಾ ಮಾಡಿಕೊಂಡೇ ಬನ್ನಿ.

ನಮ್ಮೂರು ನಂದೂರ. ಗೊತ್ತಿಲ್ಲದವರಿಗೆ ಹೇಳುವುದಾದರೆ ಕಲಬುರಗಿಗೆ ಅಂಟಿಕೊಂಡೇ ಇರುವ ಊರು. ಒಂದು ಕಡೆ ತೊಗರಿ ಹೊಲ, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ. ಅಪ್ಪ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ನಾನು ಬೆಂಗಳೂರಿನಲ್ಲಿ ಕೋಡ್ ಬರೆಯುತ್ತೇನೆ. ನನ್ನ ತಂಗಿ, ಮನೆಯಲ್ಲಿ ಎಲ್ಲರ ಬಾಯಲ್ಲೂ "ಸಣ್ಣಾಕಿ", ನಮ್ಮ ವಂಶದಲ್ಲೇ ಮೊದಲ ಡಾಕ್ಟರು. ಇದು ಅವಳ ಕಥೆ. ಅವಳ ಅಪ್ಪಣೆ ತಗೊಂಡೇ ಬರೀತಿದ್ದೇನೆ. ಕಾಲೇಜಿನ ಹೆಸರು, ದವಾಖಾನೆಯ ಹೆಸರು ಹಾಕಬಾರದು ಅನ್ನೋದು ಅವಳ ಕರಾರು.

ಮೊದಲು ನನ್ನದು ಹೇಳಿಬಿಡುತ್ತೇನೆ, ಬೇಗ ಮುಗಿಯುತ್ತದೆ. 2015ರಲ್ಲಿ ಸಿಇಟಿ ಬರೆದೆ. ಕಲಬುರಗಿಯ ಒಂದು ಸೈಬರ್ ಸೆಂಟರಿನಲ್ಲಿ ಕೂತು ಆಪ್ಶನ್ ಎಂಟ್ರಿ ಮಾಡಿದ್ದು. ಅಲ್ಲಿನ ಹುಡುಗ, "ಕಂಪ್ಯೂಟರ್ ಸೈನ್ಸ್ ಮೊದಲ ಹಾಕ್ಲಿ, ಇಲ್ಲಾ ಎಲೆಕ್ಟ್ರಾನಿಕ್ಸ್ ಹಾಕ್ಲಿ?" ಅಂತ ಕೇಳಿದ. "ಯಾವದು ಚಲೋ?" ಅಂತ ನಾನು ಅವನನ್ನೇ ಕೇಳಿದೆ. ಅವನು ಹೇಳಿದ್ದನ್ನು ಹಾಕಿದೆ. ಅಷ್ಟೇ ರೀ. ನನ್ನ ಬದುಕಿನ ದಿಕ್ಕು ತೀರ್ಮಾನವಾದದ್ದು ಗಂಟೆಗಿಷ್ಟು ಅಂತ ಬಾಡಿಗೆ ಕೊಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಇವತ್ತಿಗೂ ಆ ಹುಡುಗನ ಮೇಲೆ ಸಿಟ್ಟೇನೂ ಇಲ್ಲ.

ಡಾಕ್ಟರಿಕೆ ಹಾಗಲ್ಲ. ಎಂಬಿಬಿಎಸ್ ಸೇರುವಾಗ ನೀನು ಎಂಥ ಡಾಕ್ಟರ್ ಆಗ್ತೀ ಅಂತ ಕಾಲೇಜಿನವರು ಕೇಳುವುದಿಲ್ಲ. (ನೆಂಟರು ಕೇಳುತ್ತಾರೆ, ಆ ಮಾತು ಬೇರೆ.) ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅಷ್ಟರಲ್ಲಿ ಎಲ್ಲ ವಾರ್ಡುಗಳನ್ನೂ ಸುತ್ತಿಸಿ, ಎಲ್ಲದರ ರುಚಿ ತೋರಿಸಿ, ಆಮೇಲೆ ಈಗ ಆರಿಸಿಕೋ ಅನ್ನುತ್ತಾರೆ. ನನಗೆ ಹೊಟ್ಟೆಕಿಚ್ಚಾಗುವುದು ಈ ಒಂದು ವಿಷಯಕ್ಕೆ.

ಕಲಬುರಗಿಯಲ್ಲಿ ಈಗ ನಾಲ್ಕು ಮೆಡಿಕಲ್ ಕಾಲೇಜು. 1963ರ ಮಹಾದೇವಪ್ಪ ರಾಂಪೂರೆ ಕಾಲೇಜು ಎಲ್ಲಕ್ಕೂ ಹಿರಿಯದು, ನಂತರ 2000ದಲ್ಲಿ ಖಾಜಾ ಬಂದೇನವಾಜ್, 2013ರಲ್ಲಿ ಇಎಸ್‌ಐ ಮತ್ತು ಜಿಮ್ಸ್. ಈ ನಾಲ್ಕರಲ್ಲಿ ಒಂದಕ್ಕೆ 2019ರಲ್ಲಿ ಸಣ್ಣಾಕಿಗೆ 371(ಜೆ) ಕೋಟಾದಲ್ಲಿ ಸೀಟು ಸಿಕ್ಕಿತು. ಅದೇ ವಾರ ಅಪ್ಪ ಒಂದು ಕೆಲಸ ಮಾಡಿದರು. ರಸ್ತೆಗೆ ಹತ್ತಿರ ಮೂವತ್ತು ನಲವತ್ತರ ಒಂದು ಪ್ಲಾಟಿಗೆ ಮುಂಗಡ ಕೊಟ್ಟರು. ಉಳಿದದ್ದಕ್ಕೆ ಸಾಲ. ನನಗೆ ಆಗಷ್ಟೇ ಕೆಲಸ ಸಿಕ್ಕಿತ್ತು, ಹಾಗಾಗಿ ಕಂತು ನನ್ನ ಪಾಲಿಗೆ ಬಂತು. ಅಲ್ಲಿ ಕೆಳಗೆ ದವಾಖಾನೆ, ಮೇಲೆ ಮನೆ. ಮುಂದೆ ಬೋರ್ಡು. ಬೋರ್ಡಿನ ಮೇಲೆ ಅವಳ ಹೆಸರು, ಕೆಳಗೆ "ಸ್ತ್ರೀರೋಗ ಹಾಗೂ ಹೆರಿಗೆ ತಜ್ಞರು". ಅವಳಿನ್ನೂ ಅನಾಟಮಿಯ ಮೊದಲ ಪಾಠ ಕೇಳಿರಲಿಲ್ಲ, ಅಪ್ಪನ ತಲೆಯಲ್ಲಿ ಬೋರ್ಡಿನ ಬಣ್ಣ ಕೂಡ ನಿರ್ಧಾರವಾಗಿತ್ತು. ಹೆಣ್ಣುಮಗಳು ಡಾಕ್ಟರಾದರೆ ಹೆರಿಗೆ ಡಾಕ್ಟರೇ ಆಗಬೇಕು ಅನ್ನೋದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲದ ಕಾನೂನು.

ಸೇರಿ ಒಂದು ವರ್ಷ ತುಂಬುವ ಮೊದಲೇ ಕೋವಿಡ್. ದೇಶದ ಮೊದಲ ಕೋವಿಡ್ ಸಾವು ದಾಖಲಾಗಿದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚಿನಲ್ಲಿ. ಆಮೇಲಿನ ತಿಂಗಳುಗಳಲ್ಲಿ ನಂದೂರಿನ ನಮ್ಮ ಮಾಳಿಗೆ ಮೇಲೆ ಒಂದು ಮೂಲೆಯಲ್ಲಿ ನನ್ನ ಆಫೀಸು, ಇನ್ನೊಂದು ಮೂಲೆಯಲ್ಲಿ ಅವಳ ಕಾಲೇಜು. ನೆಟ್‌ವರ್ಕ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಫೋನಿನ ಪರದೆ ಮೇಲೆ ಅಂಗೈ ಅಗಲದ ಮನುಷ್ಯನ ಹೃದಯ ನೋಡಿಕೊಂಡು ಡಾಕ್ಟರಾಗೋದು ಹ್ಯಾಂಗಪ್ಪ ಅಂತ ಅವಳು ಅಳುವುದೊಂದೇ ಬಾಕಿ.

ವಾರ್ಡಿಗೆ ಹೋಗಲು ಶುರುವಾದ ಮೇಲೆ ಅವಳೇ ಬೇರೆ ಆದಳು. ಬೆಳಿಗ್ಗೆ ಬಿಳಿ ಏಪ್ರನ್ ಹಾಕಿಕೊಂಡು ಸಿಟಿ ಬಸ್ಸು. ವಾರ್ಡಿನಲ್ಲಿ ರೋಗಿಯ ಪಕ್ಕ ನಿಂತು ಕಥೆ ಕೇಳಬೇಕು. ಡಾಕ್ಟರುಗಳ ಭಾಷೆಯಲ್ಲಿ ಅದಕ್ಕೆ ಹಿಸ್ಟರಿ ತೆಗೆಯೋದು ಅನ್ನುತ್ತಾರಂತೆ. ದಕ್ಷಿಣದ ಜಿಲ್ಲೆಗಳಿಂದ ಬಂದ ಅವಳ ಗೆಳತಿಯರು ಒದ್ದಾಡುತ್ತಿದ್ದದ್ದು ಇಲ್ಲೇ. "ಎದಿ ಧಸಕ್ ಅಂತದ", "ಕೈಕಾಲು ಜುಂ ಹಿಡೀತಾವ", "ನೆತ್ತಿ ಸುಡ್ತದ" ಅಂದರೆ ಯಾವ ಪುಸ್ತಕದ ಯಾವ ಪುಟ? ಒಂದು ಹಾಸಿಗೆಯಲ್ಲಿ ಕನ್ನಡ, ಪಕ್ಕದ್ದರಲ್ಲಿ ದಖನಿ ಉರ್ದು, ಅದರಾಚೆ ಲಂಬಾಣಿ, ಮೂಲೆಯಲ್ಲಿ ತೆಲುಗು. ಸಣ್ಣಾಕಿ ಇಡೀ ಬ್ಯಾಚಿಗೆ ದುಭಾಷಿ ಆಗಿಬಿಟ್ಟಳು. ಅವಳಿಗೆ ಕಿವಿ ಜಾಸ್ತಿ, ಬಾಯಿ ಕಡಿಮೆ. ನನ್ನ ಉಲ್ಟಾ.

ಇಂಟರ್ನ್‌ಶಿಪ್ ಶುರುವಾದದ್ದು 2024ರಲ್ಲಿ. ಹೊಸ ನಿಯಮದ ಪ್ರಕಾರ ಎಲ್ಲಕ್ಕೂ ವಾರದ ಲೆಕ್ಕ. ಸಮುದಾಯ ವೈದ್ಯಕ್ಕೆ ಹನ್ನೆರಡು, ಹೆರಿಗೆ ವಿಭಾಗಕ್ಕೆ ಏಳು, ಮೆಡಿಸಿನ್ ಮತ್ತು ಸರ್ಜರಿಗೆ ಆರಾರು, ಮಕ್ಕಳ ವಿಭಾಗಕ್ಕೆ ಮೂರು, ಮನೋವೈದ್ಯ, ಕಣ್ಣು, ಕಿವಿ-ಮೂಗು-ಗಂಟಲು, ಮೂಳೆ ಇತ್ಯಾದಿಗಳಿಗೆ ಎರಡೆರಡು. ಒಂದು ಪೋಸ್ಟಿಂಗ್ ಮುಗಿದಾಗ ನನಗೆ ಒಂದು ಫೋನು ಬರುತ್ತಿತ್ತು. ಸರ್ಜರಿ ಮುಗಿದಾಗ, "ಅಣ್ಣಾ, ನಾ ಸರ್ಜನ್ ಆಗ್ತೀನಿ." ಆರು ವಾರ ಅವಳು ಮಾಡಿದ್ದು ಹೊಟ್ಟೆಯ ಗಾಯವನ್ನು ಕಬ್ಬಿಣದ ಕೊಕ್ಕೆಯಿಂದ ಎಳೆದು ಹಿಡಿದು ನಿಂತದ್ದು, ಅಷ್ಟಕ್ಕೇ ಈ ಘೋಷಣೆ. ಮಕ್ಕಳ ವಿಭಾಗದ ಮೂರು ವಾರ ಮುಗಿದಾಗ ಫೋನೇ ಬರಲಿಲ್ಲ. ನಾನೇ ಮಾಡಿದೆ. "ಅದರ ಬಗ್ಗಿ ಕೇಳಬ್ಯಾಡ" ಅಂದಳು. ಕೇಳಲಿಲ್ಲ.

ಮೆಡಿಸಿನ್ ವಾರ್ಡಿನ ಬಗ್ಗೆ ಮಾತ್ರ ಬಹಳ ಹೇಳುತ್ತಿದ್ದಳು, ಅದರಲ್ಲೂ ಎಣ್ಣೆ ಕುಡಿದವರ ಬಗ್ಗೆ. ಎಣ್ಣೆ ಅಂದರೆ ನಮ್ಮ ಕಡೆ ಹೊಲಕ್ಕೆ ಹೊಡೆಯುವ ಕೀಟನಾಶಕ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿರುತ್ತದೆ, ಬಾಯಿಂದ ನೊರೆ, ಎದೆಯೊಳಗೆಲ್ಲ ನೀರಿನ ಗೊರಗೊರ. ಅದು ಒಣಗುವ ತನಕ ಅಟ್ರೋಪಿನ್ ಕೊಡುತ್ತಾ ಹೋಗಬೇಕು. ಆರಾಮಾದ ಅಂದುಕೊಂಡವನಿಗೆ ಎರಡು ಮೂರು ದಿನ ಬಿಟ್ಟು ಕುತ್ತಿಗೆ ಎತ್ತಲು ಆಗುವುದಿಲ್ಲ, ಆಮೇಲೆ ಉಸಿರಾಡುವ ಸ್ನಾಯುಗಳೇ ಸೋಲುತ್ತವೆ. ಅಂಥ ಹೊತ್ತಿಗೆ ಐಸಿಯುದಿಂದ ಒಬ್ಬರು ಮೇಡಂ ಬರುತ್ತಿದ್ದರಂತೆ. ಗದ್ದಲ ಇಲ್ಲ, ಓಡಾಟ ಇಲ್ಲ. ರೋಗಿಯ ತಲೆಯ ಹಿಂದೆ ನಿಂತು, ದವಡೆ ಎತ್ತಿ, ಗಂಟಲಲ್ಲಿ ನಳಿಕೆ ಇಳಿಸಿ, ಎದೆಯ ಎರಡೂ ಕಡೆ ಕೇಳಿ, "ಈಗ ಹಿಡಕೋ" ಅಂತ ಗಾಳಿಚೀಲ ಇವಳ ಕೈಗೆ ಕೊಟ್ಟು ಮುಂದಿನ ಹಾಸಿಗೆಗೆ. ಅವರು ಅರಿವಳಿಕೆ ವಿಭಾಗದವರು ಅಂತ ಇವಳಿಗೆ ಗೊತ್ತಾದದ್ದು ಆಮೇಲೆ. ಆಪರೇಶನ್ನಿನಲ್ಲಿ ನಿದ್ದೆ ಮಾಡಿಸುವವರಿಗೆ ಇಲ್ಲೇನು ಕೆಲಸ ಅಂತ ನಾನೂ ಕೇಳಿದ್ದೆ.

ಇಲ್ಲಿ ನನ್ನ ಪ್ರವೇಶ. ಸಾಫ್ಟ್‌ವೇರ್ ಮಂದಿಗೆ ಯಾವ ಸಮಸ್ಯೆ ಕಂಡರೂ ಕೈ ಎಕ್ಸೆಲ್ ಕಡೆ ಹೋಗುತ್ತದೆ. ಅವಳ ಇಂಟರ್ನ್‌ಶಿಪ್ ಅರ್ಧ ಆಗಿದ್ದಾಗ ನಾನು ಒಂದು ಶೀಟ್ ಮಾಡಿದೆ. ಅಡ್ಡ ಸಾಲಿನಲ್ಲಿ ಹದಿನಾಲ್ಕು ವಿಭಾಗಗಳು. ಕಾಲಮ್ಮುಗಳಲ್ಲಿ ಆದಾಯ, ರಾತ್ರಿ ಡ್ಯೂಟಿ, ಕೋರ್ಟು ಕಚೇರಿಯ ಭಯ, ಸ್ವಂತ ದವಾಖಾನೆ ಹಾಕುವ ಸಾಧ್ಯತೆ, ಮದುವೆ ಮಾರುಕಟ್ಟೆ (ಬೈಬೇಡಿ, ಹಾಕಿದ್ದೆ). ಪ್ರತಿಯೊಂದಕ್ಕೂ ತೂಕ. ಫಲಿತಾಂಶ: ಚರ್ಮರೋಗ ಮೊದಲು, ರೇಡಿಯಾಲಜಿ ಎರಡನೆಯದು, ಹೆರಿಗೆ ವಿಭಾಗ ನಾಲ್ಕನೆಯದು. ಅರಿವಳಿಕೆ ಹನ್ನೊಂದನೆಯದು. ಬಹಳ ಹೆಮ್ಮೆಯಿಂದ ಕಳಿಸಿದೆ. ದೇಶದ ಮೊದಲ ರ‍್ಯಾಂಕುಗಳವರು ಓಡುವುದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ, ಹಾಗಾಗಿ ನನ್ನ ಶೀಟು ಸರಿ ಅಂತ ನನಗೇ ಸರ್ಟಿಫಿಕೇಟು.

ಎರಡು ದಿನ ಬಿಟ್ಟು ಉತ್ತರ ಬಂತು. "ಅಣ್ಣಾ, ಎಲ್ಲಾ ಚಲೋ ಮಾಡಿ. ಖರೆ, ನಾ ಯಾವ ಕೆಲಸ ಚಲೋ ಮಾಡ್ತೀನಿ ಅನ್ನೋ ಕಾಲಮ್ಮೇ ಇಲ್ಲಲ್ಲ?"

ಅದನ್ನೂ ಸೇರಿಸೋಣ, ಹತ್ತಕ್ಕೆ ಎಷ್ಟು ಹೇಳು ಅಂದೆ. ಅವಳು ನಕ್ಕು ಫೋನ್ ಇಟ್ಟಳು. ಆ ಶೀಟಿನಲ್ಲಿ ಇಲ್ಲದ ಇನ್ನೊಂದು ಕಾಲಮ್ಮು ನನ್ನ ಕಂತಿನದು. ಸ್ವಂತ ದವಾಖಾನೆ ಅನ್ನುವುದಕ್ಕೆ ಅಷ್ಟು ತೂಕ ಯಾಕೆ ಕೊಟ್ಟಿದ್ದೆ ಅಂತ ಈಗ ನೋಡಿದರೆ ಗೊತ್ತಾಗುತ್ತದೆ. ಪ್ಲಾಟು ಖಾಲಿ ಬಿದ್ದರೆ ನಾನು ಐದು ವರ್ಷ ಕಟ್ಟಿದ್ದು ಯಾತಕ್ಕೆ?

ಅರಿವಳಿಕೆ ಮತ್ತು ತೀವ್ರ ನಿಗಾ ವಿಭಾಗದಲ್ಲಿ ಅವಳಿಗಿದ್ದದ್ದು ಎರಡೇ ವಾರ. ಬೇರೆ ಇಂಟರ್ನುಗಳು ಅದನ್ನು ಪಿಜಿ ಪರೀಕ್ಷೆಗೆ ಓದಿಕೊಳ್ಳುವ ವಾರಗಳು ಅಂದುಕೊಳ್ಳುತ್ತಿದ್ದರಂತೆ. ಇವಳು ದಿನಾ ಥಿಯೇಟರಿನಲ್ಲೇ. ಸರ್ಜನ್ ಹೊಟ್ಟೆಯ ಹತ್ತಿರ, ಇವರು ತಲೆಯ ಹತ್ತಿರ. ನಡುವೆ ಒಂದು ಹಸಿರು ಬಟ್ಟೆಯ ಪರದೆ. ಪರದೆಯ ಈ ಕಡೆ ಮಾತ್ರ ರೋಗಿಗೆ ಮುಖ ಇರುತ್ತದೆ ಅಂತ ಅವಳು ಹೇಳಿದ್ದು ನನಗೆ ನೆನಪುಳಿದಿದೆ. ಬೆನ್ನಿಗೆ ಸೂಜಿ ಹಾಕುವ ಮೊದಲು, "ಯವ್ವಾ, ಬೆಕ್ಕಿನಂಗ ಬೆನ್ನು ಬಗ್ಗಿಸಿ ಕೂಡು, ಅಲುಗಬ್ಯಾಡ" ಅಂತ ರೋಗಿಯ ಭುಜ ಹಿಡಿದು ನಿಲ್ಲುವ ಕೆಲಸ ಇವಳದು. ಹೆದರಿ ನಡುಗುತ್ತಿದ್ದವರು ಇವಳ ಮಾತಿಗೆ ಸುಮ್ಮನಾಗುತ್ತಿದ್ದರು. ಇಲ್ಲೂ ಅದೇ, ಕಿವಿ ಮತ್ತು ಊರ ಭಾಷೆ. ಒಬ್ಬ ಮುತ್ಯಾ ಆಪರೇಶನ್ ಎಲ್ಲ ಮುಗಿದು ಹೊಲಿಗೆ ಹಾಕುವಾಗ, "ಯವ್ವಾ, ಯಾವಾಗ ಸುರು ಮಾಡ್ತಾರವ್ವ?" ಅಂದನಂತೆ. ಅದನ್ನು ನನಗೆ ಮೂರು ಸಲ ಹೇಳಿದ್ದಾಳೆ, ಮೂರೂ ಸಲ ನಕ್ಕಿದ್ದಾಳೆ.

ಆದರೂ ಅವಳು ತೀರ್ಮಾನ ಮಾಡಿದ್ದು ಅಲ್ಲಲ್ಲ. ಸಮುದಾಯ ವೈದ್ಯದ ಪೋಸ್ಟಿಂಗಿನಲ್ಲಿ ಕೆಲವು ವಾರ ಸಿಟಿಯಿಂದ ದೂರದ ಒಂದು ಸರಕಾರಿ ದವಾಖಾನೆಗೆ ಹಾಕಿದ್ದರು. ಒಂದು ರಾತ್ರಿ ಒಬ್ಬಳು ಗರ್ಭಿಣಿ ಬಂದಳು. ಎರಡನೆಯ ಹೆರಿಗೆ, ಮೊದಲನೆಯದು ಸಿಸೇರಿಯನ್. ಬೇನೆ ಶುರುವಾಗಿದೆ, ಹಳೆಯ ಹೊಲಿಗೆಯ ಜಾಗದಲ್ಲಿ ನೋವು. ಹೆರಿಗೆ ಡಾಕ್ಟರ್ ಇದ್ದರು. ಥಿಯೇಟರ್ ಇತ್ತು, ದೀಪ ಹತ್ತುತ್ತಿತ್ತು, ನರ್ಸ್ ಇದ್ದರು. ಅರಿವಳಿಕೆ ಡಾಕ್ಟರ್ ಇರಲಿಲ್ಲ. ಇದ್ದವರೊಬ್ಬರೇ, ಅವರು ಅವತ್ತು ಇನ್ನೊಂದು ದವಾಖಾನೆಯಲ್ಲಿ. ಹೆರಿಗೆ ಡಾಕ್ಟರ್ ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿ 108ಕ್ಕೆ ಫೋನ್ ಮಾಡಿಸಿದರು. ಜೊತೆಗೆ ಹೋಗುವವರು ಯಾರು? ಇವಳು.

ಒಂದು ತಾಸಿನ ಹಾದಿ. ಆಕೆಯ ಅತ್ತೆ ಹಿಂದೆ ಕೂತು ದೇವರ ಹೆಸರು ಹೇಳುತ್ತಿದ್ದಳು. ಸಣ್ಣಾಕಿಯ ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈ ನಾಡಿಯ ಮೇಲೆ. ಹೊಲಿಗೆ ಒಳಗೆ ಬಿಚ್ಚಿದರೆ ನಾಡಿ ಓಡುತ್ತದೆ, ಬಿಪಿ ಬೀಳುತ್ತದೆ, ಆಗ ಗಾಡಿಯಲ್ಲಿ ಮಾಡುವುದಕ್ಕೆ ಏನೂ ಇಲ್ಲ. ಅದು ಅವಳಿಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ಪ್ರತಿ ಗುಂಡಿಗೂ ಆಕೆ ಇವಳ ಮಣಿಕಟ್ಟು ಹಿಡಿದದ್ದು ಮರುದಿನ ನೀಲಿಯಾಗಿತ್ತು.

ಬದುಕಿದರು. ತಾಯಿ, ಮಗು ಇಬ್ಬರೂ. ಹೆಣ್ಣುಮಗು. ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಅರಿವಳಿಕೆ ಡಾಕ್ಟರ್ ಎಲ್ಲಿಂದಲೋ ಬಂದು, ಕೊನೆಗೆ ಯಾವಾಗ ಉಂಡಿದ್ದೆ ಅಂತ ಕೇಳಿ, ಬೆನ್ನು ಬಗ್ಗಿಸಿ ಸೂಜಿ ಹಾಕಿದರು. ಸೂಜಿಯ ತುದಿಯಲ್ಲಿ ತಿಳಿನೀರಿನ ಹನಿ ಬಂತು, ಎರಡು ಎಂಎಲ್ ಔಷಧ ಹೋಯಿತು, ಸರ್ಜನ್ ಚಾಕು ಕೈಗೆ ತಗೊಂಡರು. ಬೆಳಿಗ್ಗೆ ಐದಕ್ಕೆ ನನಗೆ ಫೋನು.

"ಎರಡು ನಿಮಿಷದ ಕೆಲಸ ಅಣ್ಣಾ. ಅದಕ್ಕ ಅಕಿನ್ನ ಒಂದು ತಾಸು ಆ ಹಾದಿಮ್ಯಾಲ ಕರಕೊಂಡು ಬಂದೀನಿ."

ಎರಡು ನಿಮಿಷ ಅನ್ನುವುದು ಅವಳ ಸಿಟ್ಟಿನ ಲೆಕ್ಕ. ಅದಕ್ಕೆ ಮೂರು ವರ್ಷ ಕಲಿಯಬೇಕು, ಸೂಜಿ ಹಾಕಿದ ಮೇಲೆ ಬಿಪಿ ಬಿದ್ದರೆ ಹಿಡಿದು ನಿಲ್ಲಿಸಲು ಬರಬೇಕು. ಆಮೇಲೆ ನಾನು ಓದಿ ತಿಳಿದುಕೊಂಡದ್ದು: ತಾಲೂಕು ಮಟ್ಟದಲ್ಲಿ ಹಗಲು ರಾತ್ರಿ ಸಿಸೇರಿಯನ್ ಆಗಬೇಕಾದರೆ ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು, ರಕ್ತದ ವ್ಯವಸ್ಥೆ ಎಲ್ಲವೂ ಇರಬೇಕು ಅನ್ನುತ್ತದೆ ಸರಕಾರದ ನಿಯಮ. ಒಂದು ಕಾಲು ಮುರಿದರೂ ಮಂಚ ನಿಲ್ಲುವುದಿಲ್ಲ. ತಜ್ಞರು ಸಾಲದ್ದಕ್ಕೆ ಎಂಬಿಬಿಎಸ್ ಡಾಕ್ಟರುಗಳಿಗೇ ಕೆಲ ತಿಂಗಳು ಅರಿವಳಿಕೆ ಕಲಿಸುವ ಯೋಜನೆಯನ್ನೂ ಕೇಂದ್ರ ಸರಕಾರ ಮಾಡಿತು. ಅಂದರೆ ಕೊರತೆ ಎಷ್ಟಿದೆ ನೀವೇ ಲೆಕ್ಕ ಹಾಕಿ.

ಪಿಜಿ ನೀಟ್ 2025ರ ಆಗಸ್ಟ್ 3ಕ್ಕೆ ಆಯಿತು. ಮೊದಲು ಜೂನಿನಲ್ಲಿತ್ತು, ಎರಡು ಪಾಳಿ ಬೇಡ ಒಂದೇ ಪಾಳಿಯಲ್ಲಿ ಮಾಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಮುಂದೆ ಹೋಯಿತು. ಮೂರೂವರೆ ತಾಸು, 200 ಪ್ರಶ್ನೆ, ತಪ್ಪಿಗೆ ಒಂದು ಅಂಕ ಕಡಿತ. ಐದೂವರೆ ವರ್ಷ ವಾರ್ಡು ಸುತ್ತಿದ್ದೆಲ್ಲ ಕೊನೆಗೆ ಮೌಸ್ ಒತ್ತುವುದಕ್ಕೆ ಬಂದು ನಿಲ್ಲುತ್ತದೆ. ಅವಳಿಗೆ ಬಂದ ರ‍್ಯಾಂಕಿಗೆ ಹೆರಿಗೆ ವಿಭಾಗ ಖಾತ್ರಿ, ಅದೃಷ್ಟ ಇದ್ದರೆ ಚರ್ಮರೋಗವೂ. ಅಪ್ಪ ಮಿಲ್ಲಿನಲ್ಲಿ ಪೇಡೆ ಹಂಚಿ ಬಂದರು. ಆ ರಾತ್ರಿ ಅವಳು ಹೇಳಿದಳು.

ನಾನು ಅವತ್ತು ಊರಲ್ಲೇ ಇದ್ದೆ. ಅಪ್ಪ ಕೂಗಾಡಲಿಲ್ಲ, ಕೂಗಾಡಿದ್ದರೆ ಚಲೋ ಇತ್ತು. ಬಹಳ ಹೊತ್ತು ಸುಮ್ಮನಿದ್ದು, "ಬೇಹೋಶ್ ಮಾಡೋ ಡಾಕ್ಟರ್ ಏನವ್ವ?" ಅಂತ ಕೇಳಿದರು.

"ಹೂಂ ಅಪ್ಪಾ."

"ಅವರದು ಬೋರ್ಡ್ ಎಲ್ಲಿರ್ತದ?"

ಇರುವುದಿಲ್ಲ. ಅದೇ ಸಮಸ್ಯೆ. ರೋಗಿಗಳು ಅವರನ್ನು ಹುಡುಕಿಕೊಂಡು ಬರುವುದಿಲ್ಲ, ಹೆಸರು ನೆನಪಿಡುವುದಿಲ್ಲ, ಡಿಸ್ಚಾರ್ಜ್ ದಿನ ಪೇಡೆ ಕೊಡುವುದು ಸರ್ಜನ್ನಿಗೆ. ಅವ್ವ ಒಳಗಿಂದ, "ಅಕಿಗಿ ಬೇಕಾದ್ದು ಓದ್ಲಿ ಬಿಡ್ರಿ" ಅಂದಳು. ಆಯಿ, "ಹೆರಿಗಿ ಮಾಡ್ಸಿದ್ರ ಪುಣ್ಯ ಬರ್ತದ" ಅಂದಳು. ನನ್ನ ಕಡೆ ಎಲ್ಲರೂ ನೋಡಿದರು. ನಾನು ಏನು ಹೇಳಿದೆ ಗೊತ್ತಾ? "ಇನ್ನೊಮ್ಮಿ ವಿಚಾರ ಮಾಡು" ಅಂದೆ. ಮಾರನೇ ದಿನ ನಾನು ಬಸ್ಸು ಹತ್ತುವ ತನಕ ಸಣ್ಣಾಕಿ ನನ್ನ ಜೊತೆ ಮಾತಾಡಲಿಲ್ಲ.

ಆ ಪಾಪಕ್ಕೆ ಪ್ರಾಯಶ್ಚಿತ್ತ ಅಂತ ಬೆಂಗಳೂರಿನಲ್ಲಿ ರಾತ್ರಿ ಕೂತು ಅರಿವಳಿಕೆಯ ಚರಿತ್ರೆ ಹುಡುಕಿದೆ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಮಾರ್ಟನ್ ಈಥರ್ ಕೊಟ್ಟು ತೋರಿಸಿದ್ದು ಎಲ್ಲ ಪುಸ್ತಕದಲ್ಲೂ ಇದೆ. ನನಗೆ ಸಿಕ್ಕ ಬಂಗಾರ ಬೇರೆ. ನಮ್ಮ ಕಲಬುರಗಿ ಆಗ ಇದ್ದದ್ದು ನಿಜಾಮನ ಹೈದರಾಬಾದ್ ರಾಜ್ಯದಲ್ಲಿ. ಅದೇ ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ಎಂಬ ಸರ್ಜನ್ 1888ರಲ್ಲಿ, ಮತ್ತೆ 1889ರಲ್ಲಿ ಕ್ಲೋರೋಫಾರಂ ಆಯೋಗ ನಡೆಸಿದ. ಖರ್ಚು ನಿಜಾಮನದು. ಕ್ಲೋರೋಫಾರಂ ಮೊದಲು ಉಸಿರು ನಿಲ್ಲಿಸುತ್ತದೋ, ಹೃದಯವನ್ನೋ ಅನ್ನೋದು ಜಗಳ. ಉಸಿರೇ ಮೊದಲು, ಉಸಿರು ನೋಡಿಕೊಂಡಿದ್ದರೆ ಸಾಕು ಅಂದ ಲಾರಿ. ಅವನ ಮಾತು ಪೂರಾ ಸರಿಯಲ್ಲ ಅಂತ ಮುಂದೆ ಗೊತ್ತಾಯಿತು, ಅದು ಹೃದಯವನ್ನೂ ಸೀದಾ ನಿಲ್ಲಿಸಬಲ್ಲದು. ಅಲ್ಲಿಯ ಮೆಡಿಕಲ್ ಸ್ಕೂಲಿಗೆ 1885ರಲ್ಲಿ ಸೇರಿದ ಐವರು ಹೆಣ್ಣುಮಕ್ಕಳಲ್ಲಿ ರೂಪಾಬಾಯಿ ಫರ್ದೂನ್‌ಜಿ ಒಬ್ಬರು. ಕ್ಲೋರೋಫಾರಂ ಕೊಡುವುದೇ ಅವರ ಕೆಲಸವಾಯಿತು. ಜಗತ್ತಿನ ಮೊಟ್ಟಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಅವರ ಹೆಸರು ಬರುತ್ತದೆ.

ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ನಿಜಾಮ, ಹೈದರಾಬಾದ್, ರೂಪಾಬಾಯಿ. ಅಪ್ಪ ಪೂರ್ತಿ ಕೇಳಿಸಿಕೊಂಡರು. ನನಗೆ ಗೆದ್ದೆ ಅನ್ನಿಸಿತು. ಆಮೇಲೆ, "ಅಕೀಗೂ ಬೋರ್ಡ್ ಇದ್ದಿದ್ದಿಲ್ಲಲ್ಲ?" ಅಂದರು. :-(

ಸಣ್ಣಾಕಿ ಮಾತ್ರ ಕೇಳಿ ನಕ್ಕಳು. "ಉಸಿರೂ ನೋಡಬೇಕು, ಹೃದಯಾನೂ ನೋಡಬೇಕು, ಅಷ್ಟೇ. ಅದಕ್ಕ ಇಷ್ಟು ಜಗಳಾಡಿದ್ರಾ?" ಅಂದಳು. ಮಾತು ಬಿಟ್ಟದ್ದು ಅಲ್ಲಿಗೆ ಸರಿಹೋಯಿತು.

ಆಪ್ಶನ್ ಎಂಟ್ರಿ ಅವಳೇ ಮಾಡಿದಳು, ಮನೆಯಲ್ಲೇ, ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ. ನಾನು ವಿಡಿಯೋ ಕಾಲಿನಲ್ಲಿದ್ದೆ. ಅಪ್ಪ ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ಕೂತಿದ್ದರು. ಮೊದಲನೆಯದು ಅರಿವಳಿಕೆ, ಎರಡನೆಯದು ಅರಿವಳಿಕೆ, ಮೂರನೆಯದೂ ಅದೇ, ಕಾಲೇಜು ಮಾತ್ರ ಬೇರೆ ಬೇರೆ. ಹೆರಿಗೆ ವಿಭಾಗ ಎಷ್ಟನೆಯದಕ್ಕೆ ಬಂತು ಅಂತ ಅಪ್ಪ ಕೇಳಲಿಲ್ಲ. ಸಬ್ಮಿಟ್ ಒತ್ತುವ ಮೊದಲು ಅವಳು ಅವರ ಕಡೆ ತಿರುಗಿದಳು. "ಒತ್ತು" ಅಂದರು. ಸೀಟು ಸಿಕ್ಕಿತು, ಸರಕಾರಿ ಕಾಲೇಜು, ಮನೆಯಿಂದ ದೂರ.

ಈ ಸಲ ಹೋದಾಗ ಕಮಲಾಪುರದ ಅತ್ತೆಯ ಫೋನು ಬಂತು. ಅಲ್ಲಿಯ ಕೆಂಪು ಬಾಳೆಹಣ್ಣು ಯಾರ ಕೈಯಲ್ಲಾದರೂ ಕಳಿಸುತ್ತೇನೆ ಅನ್ನೋಕೆ ಮಾಡಿದ್ದು. ಮಾತಿನ ನಡುವೆ, ಸಣ್ಣಾಕಿ ಯಾವ ಡಾಕ್ಟರ್ ಆಗ್ಲಿಕತ್ತಾಳೋ ಅಂತ ಕೇಳಿರಬೇಕು. ಅಪ್ಪ ಸ್ವಲ್ಪ ತಡೆದು, "ಅಕ್ಕಾ, ನಿಂದು ಗರ್ಭಚೀಲದ ಆಪರೇಶನ್ ಆದಾಗ ಬೆನ್ನಿಗಿ ಸೂಜಿ ಕೊಟ್ಟು ತಲಿ ಹತ್ರ ಒಬ್ಬರು ಕುಂತಿದ್ದರು, ನೆನಪದ ಏನು?" ಅಂದರು. ಆ ಕಡೆಯಿಂದ ಏನು ಬಂತೋ. "ನೆನಪಿಲ್ಲ? ಇರಲಿ. ಅವರಂಗ."

ಸಂಜೆ ನಾನೂ ಅಪ್ಪನೂ ಪ್ಲಾಟಿನ ಕಡೆ ನಡೆದು ಹೋದೆವು. ಸುತ್ತ ಮನೆಗಳೆದ್ದಿವೆ. ನಮ್ಮದರಲ್ಲಿ ಯಾರೋ ಜಲ್ಲಿ ಸುರಿದು ಹೋಗಿದ್ದಾರೆ, ಎಮ್ಮೆ ಕಟ್ಟಿದ್ದಾರೆ. "ಮಾರಿಬಿಡೋಣೇನು ತಮ್ಮಾ? ನಿನಗೂ ಹಗುರಾಗ್ತದ" ಅಂದರು ಅಪ್ಪ. ನಾನು ಎಮ್ಮೆಯನ್ನೇ ನೋಡುತ್ತಾ ನಿಂತೆ. ಇನ್ನೂ ಉತ್ತರ ಕೊಟ್ಟಿಲ್ಲ. ಐದನೇ ತಾರೀಖಿಗೆ ಕಂತು ಕಟ್ ಆಯಿತು.